ಹದಿನೇಳು ಎಲ್ಲಿ ಹೋಯಿತು?

ಕರಡು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅಚ್ಚುಕೂಟದ ಮಾಳಿಗೆಯಲ್ಲಿ, ಒಂದು ಕಾಲು ಗಿಡ್ಡವಾದ ಮೇಜಿನ ಮುಂದೆ ಕೂತು, ಅಚ್ಚಿಗೆ ಹೋಗುವ ಮೊದಲು ಪ್ರತಿ ಹಾಳೆಯ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದುವುದು ಅವರ ಕಸುಬು. ಲೋಕದಲ್ಲಿ ಬೇರೆಯವರ ತಪ್ಪನ್ನು ಪುಕ್ಕಟೆ ಹುಡುಕುವವರೇ ಹೆಚ್ಚು. ಅದಕ್ಕೆ ಸಂಬಳವನ್ನೂ ಪಡೆಯುವ ಭಾಗ್ಯ ಮೇಷ್ಟ್ರದು. ಮೂವತ್ತೊಂದು ವರ್ಷದಲ್ಲಿ ಆ ಭಾಗ್ಯಕ್ಕೆ ಅವರು ಒಂದು ದಿನವೂ ರಜೆ ಕೊಟ್ಟಿರಲಿಲ್ಲ. ಔಷಧಿ ಬಾಟಲಿಯ ಚೀಟಿ ತಿದ್ದುತ್ತಿದ್ದರು, ಬಸ್ಸಿನ ಹಿಂದಿನ ಬರಹ ತಿದ್ದುತ್ತಿದ್ದರು. ಈ ಕಸುಬಿಗೆ ಬರುವ ಮುಂಚೆಯೇ, ತಮ್ಮ ತಂದೆ ತೀರಿಕೊಂಡಾಗ ಬಂದ ಸಂತಾಪದ ಪತ್ರದಲ್ಲಿ ಎರಡು ಒತ್ತಕ್ಷರ ತಿದ್ದಿ, ಬರೆದವರಿಗೇ ವಾಪಸ್ಸು ಕಳಿಸಿದ್ದರು. ಆ ಗೆಳೆಯ ಆಮೇಲೆ ಎಷ್ಟೋ ವರ್ಷ ಯಾರು ಸತ್ತರೂ ಪತ್ರ ಬರೆಯುತ್ತಿರಲಿಲ್ಲವಂತೆ.

ಕೊನೆಯ ಕರಡಿನ ಮೂಲೆಯಲ್ಲಿ ಅವರು ‘ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಹಾಕದೆ ಕೆಳಗಿನ ಯಂತ್ರ ತಿರುಗುವಂತಿರಲಿಲ್ಲ. ಹಾಗೆ ಹೋದ ಯಾವ ಪುಸ್ತಕಕ್ಕೂ ಈವರೆಗೆ ತಪ್ಪು–ಒಪ್ಪಿನ ಚೀಟಿ ಅಂಟಿಸಬೇಕಾಗಿ ಬಂದಿರಲಿಲ್ಲ. ಅಚ್ಚಾದ ಮೇಲೆ ತಪ್ಪು ಕಂಡರೆ, ಎಡಗಡೆ ‘ತಪ್ಪು’ ಬಲಗಡೆ ‘ಒಪ್ಪು’ ಎಂದು ಎರಡು ಸಾಲು ಮಾಡಿ ಪುಸ್ತಕದೊಳಗೆ ಸೇರಿಸುವ ಅಂಗೈಯಗಲದ ಕಾಗದವಿದೆಯಲ್ಲ, ಅದು. ಬೇರೆ ಅಚ್ಚುಕೂಟಗಳ ಅಂಥ ಚೀಟಿಗಳನ್ನು ಮೇಷ್ಟ್ರು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂಡಿಹಾಕಿದ್ದರು. ಮನೆಗೆ ನೆಂಟರು ಬಂದರೆ ಚಹಾಕ್ಕೆ ಮುಂಚೆ ಡಬ್ಬಿ ಬರುತ್ತಿತ್ತು. ಬಿಸ್ಕತ್ತು ಎಂದುಕೊಂಡು ಕೈ ಹಾಕಿದವರು ಪಶ್ಚಾತ್ತಾಪ ಪಡುತ್ತಿದ್ದರು.

“ಇದನ್ನ ಕೇಳಿ. ‘ಅಧ್ಯಕ್ಷರು ಭಾಷಣ ಮುಗಿಸಿದಾಗ ಸಭೆ ಸತ್ತಿತ್ತು ಎಂಬುದನ್ನು ಎದ್ದಿತ್ತು ಎಂದು ಓದಿಕೊಳ್ಳಬೇಕು.’ ನನ್ನ ಕೇಳಿದ್ರೆ ಮೊದಲನೇದೇ ಸರಿ! ಇಲ್ಲಿ ನೋಡಿ, ‘ಕಣ್ತಪ್ಪಿನಿಂದ ಆದ ದೋಷ’ ಅಂತೆ. ಕಣ್ಣು ಪಾಪ ಏನು ಮಾಡ್ತು? ಅದು ನೋಡ್ತು. ತಲೆ ಎಲ್ಲಿಗೆ ಹೋಗಿತ್ತು ಅಂತ ಬರೀಬೇಕಪ್ಪಾ!”

ಇಂಥ ಮೇಷ್ಟ್ರ ಮೇಜಿನ ಮೇಲೆ ಒಂದು ಸೋಮವಾರ ‘ತೇಲುವ ಮಹಡಿ’ ಎಂಬ ಪುಸ್ತಕದ ಕರಡು ಬಂದು ಕೂತಿತು.

ಬರೆದವಳು ಅವರ ನಾದಿನಿಯ ಮಗಳು. ವಯಸ್ಸು ಮೂವತ್ತೆರಡಾದರೂ ಮನೆಮಂದಿಗೆಲ್ಲ ಪುಟ್ಟಿ. ಕೆಲಸ ಲಿಫ್ಟ್ ರಿಪೇರಿ. ಎತ್ತರದ ಕಟ್ಟಡಗಳ ಲಿಫ್ಟು ಕೆಟ್ಟು ನಿಂತಾಗ, ಸೊಂಟಕ್ಕೆ ಪಟ್ಟಿ ಬಿಗಿದು, ಹಣೆಗೆ ದೀಪ ಕಟ್ಟಿ ಕತ್ತಲೆಯ ಬಾವಿಗೆ ಇಳಿಯುವವಳು. ಬಿಡಿಭಾಗ ಬರಲಿ ಎಂದು ಲಿಫ್ಟಿನ ನೆತ್ತಿಯ ಮೇಲೆ ಕೂತು ಕಾಯುವ ಹೊತ್ತಿನಲ್ಲಿ, ಆರು ವರ್ಷ, ಜಿಡ್ಡಿನ ಕೈಯಲ್ಲೇ ಈ ಪುಸ್ತಕ ಬರೆದಿದ್ದಳು.

“ದೊಡ್ಡಪ್ಪಾ, ಇದು ಕಾದಂಬರಿ ಅಲ್ಲ, ಆಟ,” ಎಂದು ಅವಳು ಮೊದಲೇ ಹೇಳಿದ್ದಳು. “ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡೋದು. ಒಬ್ಬೊಬ್ಬರೂ ಒಂದೊಂದು ಪಾತ್ರ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗೋ ಹಡಗಲ್ಲಿ ಇದ್ದೀವಿ ಅಂದ್ಕೊಂಡು ಮಾತಾಡ್ತಾ ಹೋಗೋದು. ಏನಾಗುತ್ತೆ ಅನ್ನೋದನ್ನ ದಾಳ ಹೇಳುತ್ತೆ.”

“ಅಂದ್ಕೊಂಡು ಮಾತಾಡೋದಕ್ಕೆ ಪುಸ್ತಕ ಯಾಕೆ? ನಮ್ಮ ಅಚ್ಚುಕೂಟದ ಯಜಮಾನರು ದಿನಾ ಪುಸ್ತಕ ಇಲ್ಲದೇನೇ ಮಾಡ್ತಾರಲ್ಲ,” ಎಂದಿದ್ದರು ಮೇಷ್ಟ್ರು.

ಆದರೂ ಕರಡು ಕರಡೇ. ಕನ್ನಡಕ ಒರೆಸಿ, ಪೆನ್ನಿನ ಮುಚ್ಚಳ ತೆಗೆದು, ಮೊದಲ ಪುಟ ತಿರುವಿದರು. ಮೊದಲ ವಾಕ್ಯ ಹೀಗಿತ್ತು: ‘ನೀನು ಕಣ್ಣು ಬಿಟ್ಟಾಗ ಹಡಗಿನಲ್ಲಿ ಯಾರೂ ಇಲ್ಲ.’

ಮೇಷ್ಟ್ರು ಹಾವು ತುಳಿದವರಂತೆ ಹಿಂದೆ ಸರಿದರು. ನೀನು! ಯಾರನ್ನು ಹೀಗೆ ಕರೆಯುತ್ತಿದೆ ಈ ಪುಸ್ತಕ? ಐವತ್ತೆಂಟು ವರ್ಷದ, ಎರಡು ನಿಘಂಟುಗಳ ಕರಡು ನೋಡಿದ, ಮಂತ್ರಿಗಳೂ ‘ನೀವು’ ಎಂದೇ ಮಾತಾಡಿಸಿದ ಮನುಷ್ಯನನ್ನು ಒಂದು ಕಾಗದದ ಕಟ್ಟು ಏಕವಚನದಲ್ಲಿ ಕರೆಯುವುದೆಂದರೇನು? ಎರಡನೆಯ ಪುಟದಲ್ಲಿ ಅದು ‘ನಿನಗೆ ಏನೂ ನೆನಪಿಲ್ಲ’ ಎಂದಿತು. ಮೂವತ್ತೊಂದು ವರ್ಷದ ಹಿಂದಿನ ಕಾಗುಣಿತದ ತಪ್ಪನ್ನೂ ಪುಟಸಂಖ್ಯೆಯ ಸಮೇತ ನೆನಪಿಟ್ಟುಕೊಂಡವರಿಗೆ! ಏಳನೆಯ ಪುಟದಲ್ಲಿ, ಯಾವ ಸಂಕೋಚವೂ ಇಲ್ಲದೆ, ‘ಗಾಳಿ ಮುಗಿದರೆ ನೀನು ಸಾಯುತ್ತೀಯ’ ಎಂದು ತಿಳಿಸಿತು.

“ಸಾಯೋ ವಿಷಯಕ್ಕಾದರೂ ಬಹುವಚನ ಹಾಕಬಾರದಾ!” ಎಂದು ಮೇಷ್ಟ್ರು ಗೋಡೆಗೆ ಕೇಳಿದರು. ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದಾಕೆ ಕಿವಿಗೆ ಹಾಕಿಕೊಂಡಿದ್ದ ಹಾಡಿನ ಸದ್ದು ಜಾಸ್ತಿ ಮಾಡಿಕೊಂಡಳು.

ಓದುತ್ತಾ ಹೋದಂತೆ ಸಿಟ್ಟು ಏರುತ್ತಾ ಹೋಯಿತು. ಕಥೆಗೆ ತಲೆಯಿಲ್ಲ, ಬಾಲವಿಲ್ಲ. ನಾಯಕ ಯಾರೆಂದರೆ ‘ನೀನು’. ಅಂತ್ಯ ಏನೆಂದರೆ ‘ಅದನ್ನು ನಿಮ್ಮ ಮೇಜು ನಿರ್ಧರಿಸಲಿ’. ಮೇಜು ನಿರ್ಧರಿಸಬೇಕಂತೆ! ತಮ್ಮ ಮೇಜಿಗೆ ನೆಟ್ಟಗೆ ನಿಲ್ಲುವುದೇ ಬಾರದು. ಆಟ ನಡೆಸುವವರಿಗೆ ಪುಟ್ಟಿ ‘ಸೂತ್ರಧಾರ’ ಎಂಬ ಒಳ್ಳೆಯ ಹೆಸರು ಕೊಟ್ಟಿದ್ದಳು; ಅದೊಂದಕ್ಕೆ ಮೇಷ್ಟ್ರು ಮನಸ್ಸಿನಲ್ಲೇ ಪಾಸು ಅಂಕ ಕೊಟ್ಟರು. ಆದರೆ ಆ ಸೂತ್ರಧಾರನಿಗೆ ಒಂದು ಕಡೆ ‘ನಿನಗೆ ಗೊತ್ತಿಲ್ಲದಿದ್ದರೆ ಆಡುವವರನ್ನು ಕೇಳು’ ಎಂದು ಬರೆದದ್ದನ್ನು ನೋಡಿ ಅದನ್ನೂ ವಾಪಸ್ಸು ಕಸಿದುಕೊಂಡರು. ಗೊತ್ತಿಲ್ಲದವನು ಪುಸ್ತಕ ನಡೆಸುವುದೇ? ಗೊತ್ತಿದ್ದವರು ಇನ್ನೆಲ್ಲಿಗೆ ಹೋಗಬೇಕು?

ಮರುದಿನ ಪುಟ್ಟಿ ಕೆಲಸದ ಉಡುಪಿನಲ್ಲೇ ಮಾಳಿಗೆ ಹತ್ತಿ ಬಂದಳು. ಕೈಯಲ್ಲಿ ಸ್ಪ್ಯಾನರು.

“ನೋಡು ಮಗಳೇ,” ಎಂದರು ಮೇಷ್ಟ್ರು, “ನಾನೂರ ಹದಿನೆಂಟು ಕಡೆ ‘ನೀನು’ ಇದೆ. ಎಲ್ಲಾ ‘ನೀವು’ ಮಾಡಿಬಿಡ್ತೀನಿ.”

“ಬೇಡ ದೊಡ್ಡಪ್ಪ.”

“ಓದುಗರಿಗೆ ಮರ್ಯಾದೆ ಬೇಡವಾ?”

“ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರು ಮೊದಲ ಹತ್ತು ನಿಮಿಷ ‘ನೀವು, ತಾವು’ ಅಂತಾರೆ. ಹನ್ನೊಂದನೇ ನಿಮಿಷಕ್ಕೆ ‘ನೀನು’ ಶುರು. ನನ್ನ ಹಡಗಲ್ಲಿ ಹನ್ನೊಂದನೇ ನಿಮಿಷ ನಡೀತಿದೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಉತ್ತರ ಹೊಳೆಯದಿದ್ದಾಗ ಕನ್ನಡಕ ಒರೆಸುವುದು ಅವರ ರೂಢಿ.

“ಒಂದು ಒಪ್ಪಂದ ಮಾಡ್ಕೊಳ್ಳೋಣ,” ಎಂದಳು ಪುಟ್ಟಿ. “ಅಕ್ಷರ, ಒತ್ತು, ಚಿಹ್ನೆ ಎಲ್ಲಾ ನಿಮ್ಮದು. ಆಟ ನನ್ನದು. ಆಟ ಮುಟ್ಟಬೇಡಿ. ಎರಡನೇ ಕರಡು ನೋಡೋಕೆ ನನಗೆ ಬರೋಕಾಗಲ್ಲ, ಆಸ್ಪತ್ರೆಯಲ್ಲಿ ಮೂರು ಲಿಫ್ಟು ಒಟ್ಟಿಗೇ ಕೆಟ್ಟಿವೆ. ಮುಂದಿನ ತಿಂಗಳ ಮೊದಲ ಶನಿವಾರ ಗ್ರಂಥಾಲಯದ ಸಭಾಂಗಣದಲ್ಲಿ ನಲವತ್ತು ಜನ ಬಂದು ಆಡ್ತಾರೆ. ಅಷ್ಟರೊಳಗೆ ಪುಸ್ತಕ ಕೈಗೆ ಬರಬೇಕು. ನೀವು ನೋಡಿದ್ರೆ ಸಾಕು, ನಾನು ಕಣ್ಣು ಮುಚ್ಕೊಂಡು ಒಪ್ಕೋತೀನಿ.”

“ನಾನಿದ್ದೇನಲ್ಲ,” ಎಂದರು ಮೇಷ್ಟ್ರು. ಈ ಮಾತನ್ನು ಅವರು ಆಡಿದಾಗಲೆಲ್ಲ ಎದೆ ಎರಡಂಗುಲ ಮುಂದೆ ಬರುತ್ತಿತ್ತು.

ಎರಡನೆಯ ಕರಡಿನ ನಲವತ್ತೆರಡನೆಯ ಪುಟದಲ್ಲಿ ಅವರು ಅಪರಾಧಿಯನ್ನು ಕೈಯಾರೆ ಹಿಡಿದರು. ಅದು ‘ಅವಘಡ ಪಟ್ಟಿ’. ಹಡಗಿನಲ್ಲಿ ಸಂಭವಿಸಬಹುದಾದ ಮೂವತ್ತಾರು ಅವಘಡಗಳು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ನಲವತ್ತೊಂದನೆಯ ಪುಟದಲ್ಲಿ ‘ಹಡಗಿನ ಹತ್ತು ಕಟ್ಟಳೆಗಳು’ ಒಂದರಿಂದ ಹತ್ತರವರೆಗೆ ಇದ್ದವು. ಆದ್ದರಿಂದ ಪಟ್ಟಿ ಹನ್ನೊಂದರಿಂದ ಶುರುವಾದದ್ದನ್ನು ಮೇಷ್ಟ್ರು ಉದಾರವಾಗಿ ಕ್ಷಮಿಸಿದರು. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಆಮೇಲೆ ಇಪ್ಪತ್ತೊಂದು!

ಮೇಷ್ಟ್ರು ಕಣ್ಣುಜ್ಜಿಕೊಂಡರು. ಇಪ್ಪತ್ತೊಂದರಿಂದ ಇಪ್ಪತ್ತಾರು. ಅಲ್ಲಿಂದ ಒಂದೇ ನೆಗೆತಕ್ಕೆ ಮೂವತ್ತೊಂದು. ಹೀಗೆ ಕುಂಟುತ್ತಾ ನೆಗೆಯುತ್ತಾ ಕೊನೆಗೆ ಅರವತ್ತಾರು.

“ಹದಿನೇಳು ಎಲ್ಲಿ ಹೋಯಿತು?” ಎಂದು ಅವರು ಅಬ್ಬರಿಸಿದಾಗ ಅಕ್ಷರ ಜೋಡಿಸುವಾಕೆ ಕಿವಿಯ ಹಾಡು ತೆಗೆದಳು.

“ನಾನು ತೆಗೀಲಿಲ್ಲ ಸರ್. ಬಂದಿದ್ದು ಹಾಗೇನೇ.”

“ಹಾಗೇ ಬಂತಂತೆ! ಎಣಿಕೆ ಬರದವರೆಲ್ಲ ನಕ್ಷತ್ರಕ್ಕೆ ಹೊರಟಿದ್ದಾರೆ! ಮೂವತ್ತಾರು ಸಾಲಿಗೆ ಅರವತ್ತಾರು ಅಂತ ಬರೆದರೆ ಓದುವವರು ಉಳಿದದ್ದೆಲ್ಲಿ ಅಂತ ಹುಡುಕಿಕೊಂಡು ನಮ್ಮ ಮನೆಗೆ ಬರ್ತಾರೆ.”

“ಪುಟ್ಟಿ ಅಕ್ಕನ್ನ ಒಂದು ಮಾತು ಕೇಳಿಬಿಡಿ ಸರ್.”

“ಎಣಿಕೆಯಲ್ಲಿ ಕೇಳೋದೇನಿದೆ? ಹದಿನಾರರ ಮುಂದೆ ಹದಿನೇಳು. ಅದು ಆಟ ಅಲ್ಲಮ್ಮ, ಲೋಕ.”

ಕೆಂಪು ಶಾಯಿ ಹರಿಯಿತು. ಇಪ್ಪತ್ತೊಂದು ಹೊಡೆದು ಹದಿನೇಳು, ಇಪ್ಪತ್ತೆರಡು ಹೊಡೆದು ಹದಿನೆಂಟು. ಮೂವತ್ತು ಸಾಲು ತಿದ್ದಿ, ಅರವತ್ತಾರನ್ನು ನಲವತ್ತಾರಕ್ಕೆ ಇಳಿಸಿ, ಮೇಷ್ಟ್ರು ನಿಟ್ಟುಸಿರು ಬಿಟ್ಟರು. ತಿದ್ದುವ ಭರದಲ್ಲಿ ಒಂದು ಸಾಲಿನ ಹತ್ತಿರ ಮಾತ್ರ ಪೆನ್ನು ತಡೆದು ನಿಂತಿತು. ಪುಟ್ಟಿ ಕೊಟ್ಟ ಸಂಖ್ಯೆ ಐವತ್ತಮೂರು. ‘ತುರ್ತು ಗುಂಡಿ ಒತ್ತುತ್ತೀಯ. ಆ ಕಡೆ ಯಾರೋ ಫೋನ್ ಎತ್ತುತ್ತಾರೆ. ದನಿ ನಿನಗೆ ಗೊತ್ತಿರುವುದೇ. ಅವರು ಸತ್ತು ನಲವತ್ತು ವರ್ಷವಾಯಿತು.’

ಅಷ್ಟೇ. ಯಾರು ಎತ್ತಿದರು, ಏನೆಂದರು, ಒಂದೂ ಇಲ್ಲ. ಮುಂದಿನ ಸಾಲು ನೀರಿನ ಕೊಳವೆ ಸೋರುವ ವಿಷಯ. ಇದೆಂಥ ಅನ್ಯಾಯ! ಫೋನು ಎತ್ತಿಸಿ ಮಾತಾಡಿಸದೆ ಬಿಡುವುದೇ? ಆ ಸಂಜೆ ಚಹಾ ಆರಿದರೂ ಮೇಷ್ಟ್ರು ಕುಡಿಯಲಿಲ್ಲ. ಅವರ ಅಪ್ಪ ಸತ್ತು ನಲವತ್ತು ಆಗಿರಲಿಲ್ಲ, ಮೂವತ್ತೆಂಟು. ಎರಡು ವರ್ಷದ ವ್ಯತ್ಯಾಸವಿದ್ದರೂ ಆ ಸಾಲು ತಮಗೇ ಹೇಳಿದ ಹಾಗೆ ಅವರಿಗೆ ಯಾಕೆ ಕೇಳಿಸಿತೋ. ಆ ಸಾಲಿನ ಮೇಲೂ ಸಿಟ್ಟು ಬಂತು. ಐವತ್ತಮೂರು ಹೊಡೆದು ಮೂವತ್ತೇಳು ಎಂದು ಬರೆದರು. ‘ಅಚ್ಚಿಗೆ ಹೋಗಲಿ’ ಎಂದು ಸಹಿ ಹಾಕಿದರು.

ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಪುಟ್ಟಿ ಪುಸ್ತಕದ ಮೊದಲ ಪ್ರತಿ ಹಿಡಿದುಕೊಂಡು ಮನೆಗೆ ಬಂದಳು. ಮುನ್ನೂರು ಪ್ರತಿಯೂ ಹೊಲಿದು, ರಟ್ಟು ಹಾಕಿ, ಕಟ್ಟಿಟ್ಟು ಆಗಿತ್ತು. ಹೊದಿಕೆಯ ಮೇಲೆ ಕಪ್ಪು ಆಕಾಶ. ಅದರ ನಡುವೆ ಬಾಗಿಲು ಅರ್ಧ ತೆರೆದ ಒಂದು ಲಿಫ್ಟು. ಪುಸ್ತಕವನ್ನು ಅವಳು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಮೇಷ್ಟ್ರ ಹೆಂಡತಿ ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದಿದ್ದರು. ಬೇರೆಯವರ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವರ ಕಸುಬು. ಗಂಡ ಕಾಗದದಲ್ಲಿ ಮಾಡುವುದನ್ನೇ ತಾನು ಬಟ್ಟೆಯಲ್ಲಿ ಮಾಡುತ್ತೇನೆ, ಆದರೆ ಬೈಯದೆ ಮಾಡುತ್ತೇನೆ ಎಂದು ಅವರು ಹೇಳುವುದಿತ್ತು.

“ದೊಡ್ಡಮ್ಮಾ, ಬನ್ನಿ, ಆಡೋಣ. ದೊಡ್ಡಪ್ಪಾ, ನೀವೂನೂ.”

“ನನಗೆ ಕೆಲಸ ಇದೆ.”

“ಭಾನುವಾರ ನಿಮಗೇನ್ರೀ ಕೆಲಸ? ಹಳೇ ಪೇಪರ್ ತಿದ್ದೋದಾ?” ಎಂದರು ಹೆಂಡತಿ, ಆಗಲೇ ಕುರ್ಚಿ ಎಳೆದುಕೊಳ್ಳುತ್ತಾ. “ಬನ್ನಿ ಸುಮ್ಮನೆ. ನಾನು ಕ್ಯಾಪ್ಟನ್ನು. ಇವರನ್ನ ಏನು ಮಾಡ್ತೀಯೇ?”

“ದೊಡ್ಡಪ್ಪ ಹಡಗಿನ ದಾಖಲೆಗಾರ. ನಡೆದಿದ್ದನ್ನೆಲ್ಲ ತಪ್ಪಿಲ್ಲದೆ ಬರೆದಿಡೋದು ಅವರ ಕೆಲಸ.”

ಮೇಷ್ಟ್ರು ಒಲ್ಲದ ಮುಖ ಮಾಡಿಕೊಂಡೇ ಕೂತರು. ಆದರೆ ಕಾಗದ, ಪೆನ್ನು ತಾವೇ ತಂದಿಟ್ಟುಕೊಂಡರು. ಪುಟ್ಟಿ ಜೇಬಿನಿಂದ ಎರಡು ದಾಳ ತೆಗೆದಳು. ಒಂದು ಕೆಂಪು, ಒಂದು ಬಿಳಿ. ಸೂತ್ರಧಾರನ ದನಿಯಲ್ಲಿ, ಹಡಗು ಕತ್ತಲೆಯಲ್ಲಿ ಹೇಗೆ ತೇಲುತ್ತಿದೆ, ಮಹಡಿಗಳ ನಡುವೆ ಗಾಳಿ ಹೇಗೆ ಸಿಳ್ಳೆ ಹಾಕುತ್ತಿದೆ ಎಂದು ಹೇಳತೊಡಗಿದಳು. ಲಿಫ್ಟಿನ ಬಾವಿಯಲ್ಲಿ ಕೂತು ಕೇಳಿದವಳೇ ಹಾಗೆ ಹೇಳಬಲ್ಲಳು. ಮೇಷ್ಟ್ರು ತಮಗೆ ಗೊತ್ತಿಲ್ಲದೆಯೇ ಕಾಲು ಮೇಲೆ ಎಳೆದುಕೊಂಡರು.

“ಕ್ಯಾಪ್ಟನ್, ದಾಳ ಉರುಳಿಸು.”

“ನೋಡಿದಿರಾ, ನನ್ನನ್ನೂ ಏಕವಚನ,” ಎಂದು ನಕ್ಕು ಹೆಂಡತಿ ದಾಳ ಉರುಳಿಸಿದರು. ಕೆಂಪಿನಲ್ಲಿ ಒಂದು, ಬಿಳಿಯಲ್ಲಿ ನಾಲ್ಕು.

“ಹದಿನಾಲ್ಕು! ‘ಬಾಗಿಲು ಮುಚ್ಚಿದೆ ಎಂದು ಯಂತ್ರ ಹೇಳುತ್ತದೆ. ಮುಚ್ಚಿಲ್ಲ.’ ಏನು ಮಾಡ್ತೀಯ?”

“ಯಂತ್ರದ ಮಾತು ಯಾರು ನಂಬ್ತಾರೆ? ಎದ್ದು ಹೋಗಿ ಕೈಯಲ್ಲೇ ತಳ್ಳಿ ನೋಡ್ತೀನಿ. ದಾಖಲೆಗಾರರೇ, ಬರ್ಕೊಳ್ಳಿ.”

ಮೇಷ್ಟ್ರು ಬರೆದುಕೊಂಡರು. ಅಲ್ಪವಿರಾಮ ಸಹಿತ.

ಎರಡನೆಯ ಸಲ ಕೆಂಪಿನಲ್ಲಿ ಐದು ಬಿತ್ತು, ಬಿಳಿಯಲ್ಲಿ ಮೂರು.

ಪುಟ್ಟಿಯ ಕಣ್ಣು ಅರಳಿತು. “ಅಯ್ಯೋ ದೊಡ್ಡಮ್ಮ! ಐವತ್ತಮೂರು! ಇಡೀ ಪುಸ್ತಕದಲ್ಲಿ ನನಗೆ ಅಚ್ಚುಮೆಚ್ಚಿನದು ಇದೇ. ಇರಿ, ಅಚ್ಚಾದದ್ದನ್ನೇ ಓದ್ತೀನಿ.” ನಲವತ್ತೆರಡನೆಯ ಪುಟ ತೆರೆದಳು. ಬೆರಳು ಪಟ್ಟಿಯುದ್ದಕ್ಕೂ ಇಳಿಯಿತು. ತಳ ಮುಟ್ಟಿ ಮತ್ತೆ ಮೇಲೆ ಹೋಯಿತು. ಮತ್ತೆ ಇಳಿಯಿತು.

“ಐವತ್ತಮೂರು ಇಲ್ಲ,” ಎಂದಳು.

“ಹೇಗಿರುತ್ತೆ?” ಎಂದರು ಮೇಷ್ಟ್ರು, ಇಂಥದೊಂದು ಗಳಿಗೆಗೇ ಕಾದವರಂತೆ. “ನಿನ್ನ ಎಣಿಕೆ ತಪ್ಪಿತ್ತು ಮಗಳೇ. ಹದಿನಾರು ಆದಮೇಲೆ ಇಪ್ಪತ್ತೊಂದಕ್ಕೆ ಹಾರಿಬಿಟ್ಟಿದ್ದೆ. ನಾನು ಸರಿ ಮಾಡಿದೆ. ಈಗ ನೋಡು, ಹನ್ನೊಂದರಿಂದ ನಲವತ್ತಾರು, ಒಂದೂ ತಪ್ಪಿಲ್ಲ.”

ಪುಟ್ಟಿ ಪುಸ್ತಕ ಮುಚ್ಚಿದಳು. ಆಮೇಲೆ ಬಿಳಿ ದಾಳವನ್ನು ಎತ್ತಿ ಮೇಷ್ಟ್ರ ಅಂಗೈಯಲ್ಲಿಟ್ಟಳು.

“ಇದರಲ್ಲಿ ಏಳು ಎಲ್ಲಿದೆ ತೋರಿಸಿ, ದೊಡ್ಡಪ್ಪ.”

ಮೇಷ್ಟ್ರು ದಾಳವನ್ನು ತಿರುಗಿಸಿ ನೋಡಿದರು. ಆರು ಮುಖ. ಇನ್ನೊಮ್ಮೆ ತಿರುಗಿಸಿದರು. ಏಳನೆಯದು ಎಲ್ಲೂ ಅಡಗಿ ಕೂತಿರಲಿಲ್ಲ. ಎಂಟಿಲ್ಲ, ಒಂಬತ್ತಿಲ್ಲ, ಸೊನ್ನೆಯೂ ಇಲ್ಲ.

“ಕೆಂಪು ಹತ್ತರ ಸ್ಥಾನ, ಬಿಳಿ ಬಿಡಿ ಸ್ಥಾನ,” ಎಂದಳು ಪುಟ್ಟಿ. ದನಿ ಏರಿರಲಿಲ್ಲ, ಏರಿದ್ದರೆ ಮೇಷ್ಟ್ರಿಗೆ ಹಾಯೆನಿಸುತ್ತಿತ್ತು. “ಹದಿನೇಳು ಯಾವತ್ತೂ ಬೀಳಲ್ಲ. ಐವತ್ತು ದಾಟಿದ್ದಕ್ಕೆ ಈಗ ಪಟ್ಟಿಯಲ್ಲಿ ಏನೂ ಇಲ್ಲ. ಮೂವತ್ತೊಂದು ಬಿದ್ದರೆ ಬೇರೆ ಯಾವುದೋ ಬರುತ್ತೆ. ಒಂಬತ್ತನೇ ಪುಟದಲ್ಲಿ ಬರೆದಿದ್ದೆನಲ್ಲ.”

ಮೇಷ್ಟ್ರು ಒಂಬತ್ತನೆಯ ಪುಟ ತೆಗೆದರು. ‘ಕೆಂಪು ದಾಳದ ಅಂಕೆ ಮೊದಲು, ಬಿಳಿಯದು ಆಮೇಲೆ ಓದಿಕೋ.’ ಇತ್ತು. ಆ ವಾಕ್ಯ ಅವರಿಗೆ ಚೆನ್ನಾಗಿ ನೆನಪಿತ್ತು. ಅದರ ನಡುವಿನ ಅಲ್ಪವಿರಾಮ ಹಾಕಿದವರು ಅವರೇ. ಅಲ್ಪವಿರಾಮಕ್ಕೆ ಜಾಗ ಹುಡುಕುವ ಗಡಿಬಿಡಿಯಲ್ಲಿ, ವಾಕ್ಯ ಏನು ಹೇಳುತ್ತಿದೆ ಎಂದು ನೋಡುವ ಪುರುಸೊತ್ತು ಆಗಿರಲಿಲ್ಲ.

“ಆಟ ಮುಟ್ಟಬೇಡಿ ಅಂದಿದ್ದೆ,” ಎಂದು ಪುಟ್ಟಿ ದಾಳಗಳನ್ನು ಜೇಬಿಗೆ ಹಾಕಿಕೊಂಡಳು. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟೇ. “ಇವರಿಗೆ ಹತ್ತು ಮುಖದ ದಾಳ ಸಿಗಲಿಲ್ಲವಾ? ಎಣಿಸೋಕೆ ನೆಟ್ಟಗಿರೋ ದಾರಿ ಇಲ್ಲವಾ? ಪಟ್ಟಿ ಪಕ್ಕದಲ್ಲೇ ಒಂದು ಸೂಚನೆ ಹಾಕಬಾರದಿತ್ತಾ?” ಎಂದು ಉದ್ದಕ್ಕೂ ಅಡ್ಡಕ್ಕೂ ಓಡಾಡಿದರು.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದರು. “ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗೊತ್ತಿತ್ತು ಕಣ್ರೀ. ಇವತ್ತು ನಾಲ್ಕನೇ ಕಾಲನ್ನ ನೀವೇ ಕತ್ತರಿಸಿಬಿಟ್ಟಿರಿ.”

“ಏಣಿಕೆ ಅಂದರೆ...”

“ಏಣಿಕೆ ಅಲ್ಲ, ಎಣಿಕೆ,” ಎಂದು ಹೆಂಡತಿ ತಿದ್ದಿದರು. ಮದುವೆಯಾದಾಗಿನಿಂದ ಇದು ಮೊದಲ ಸಲ. “ಒಂದು ಮಾತು ಕೇಳಿ. ಒಂದು ಅಂಗಿ ಬರುತ್ತೆ, ಒಂದು ತೋಳು ಉದ್ದ, ಒಂದು ಗಿಡ್ಡ. ಹೊಲಿದವನು ಪೆದ್ದ ಅಂತ ಸಮ ಮಾಡಿಬಿಡಲಾ? ಹಾಕ್ಕೊಳ್ಳೋನ ಕೈ ಹಾಗಿದ್ದರೆ? ಕೇಳದೆ ನಾನು ಕತ್ತರಿ ಹಾಕಲ್ಲ. ಮೂವತ್ತು ವರ್ಷದಿಂದ ಹಾಕಿಲ್ಲ.”

ಸೋಮವಾರ ಬೆಳಗ್ಗೆ ಮೇಷ್ಟ್ರು ಯಜಮಾನರ ಕೋಣೆಗೆ ಹೋದರು. ಆ ಪುಟ ಮತ್ತೆ ಅಚ್ಚಾಗಬೇಕು ಎಂದರು. ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಆಗಲ್ಲ ಮೇಷ್ಟ್ರೇ. ಹೊಲಿದು ಮುಗಿದಿದೆ. ಬಿಚ್ಚಿದರೆ ಪುಸ್ತಕ ಹಾಳು. ಯಂತ್ರ ತಿಂಗಳಿಡೀ ಪಠ್ಯಪುಸ್ತಕಕ್ಕೆ ಕೊಟ್ಟಾಗಿದೆ. ಅಲ್ಲದೆ ಈ ಆಟದ ಪುಸ್ತಕದಲ್ಲಿ ನಂಬರು ಯಾರು ನೋಡ್ತಾರೆ? ಬಿಟ್ಟಾಕಿ.”

ಮೇಷ್ಟ್ರ ಕಿವಿ ಕೆಂಪಾಯಿತು. “ಯಾರು ನೋಡ್ತಾರೆ ಅಂದಿರಾ? ಪಠ್ಯಪುಸ್ತಕದ ಪುಟಸಂಖ್ಯೆ ಯಾರೂ ನೋಡಲ್ಲ ಯಜಮಾನರೇ, ಇದನ್ನ ನೋಡ್ತಾರೆ! ಒಬ್ಬೊಬ್ಬರೂ ದಾಳ ಹಾಕಿ, ಉಸಿರು ಬಿಗಿಹಿಡಿದು, ಬೆರಳಿಟ್ಟು ನೋಡ್ತಾರೆ. ಕತ್ತಲಲ್ಲಿ ಹಡಗು ನಿಂತಿರುತ್ತೆ, ಗಾಳಿ ಮುಗೀತಾ ಇರುತ್ತೆ, ಐವತ್ತಮೂರು ಬಿದ್ದಿರುತ್ತೆ. ಪುಟ ತೆಗೆದರೆ ಐವತ್ತಮೂರೇ ಇಲ್ಲ! ಅವರಿಗೆ ಏನು ಹೇಳ್ತೀರಿ?”

ಯಜಮಾನರು ಬೆರಗಾಗಿ ನೋಡಿದರು. ತಿಂಗಳ ಹಿಂದೆ ಇದೇ ಪುಸ್ತಕವನ್ನು ‘ತಲೆಬಾಲ ಇಲ್ಲದ್ದು’ ಎಂದು ಬೈದವರು ಇವರೇ ತಾನೆ?

“ಹಾಗಿದ್ದರೆ ಒಂದು ಚೀಟಿ ಹಾಕಿ,” ಎಂದರು ಕೊನೆಗೆ. “ತಪ್ಪು–ಒಪ್ಪು. ‘ಲೇಖಕಿಯ ಕಣ್ತಪ್ಪಿನಿಂದ’ ಅಂತ ಬರೀರಿ. ಅಚ್ಚುಕೂಟದ ಹೆಸರು ಉಳಿಯುತ್ತೆ, ನಿಮ್ಮದೂ ಉಳಿಯುತ್ತೆ.”

ಮೇಷ್ಟ್ರು ಎದ್ದು ಮೆಟ್ಟಿಲು ಹತ್ತಿದರು. ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಹಾಕುತ್ತಿದ್ದರಂತೆ. ಯಾರಿಗೆಂದು ಅಕ್ಷರ ಜೋಡಿಸುವಾಕೆಗೆ ತಿಳಿಯಲಿಲ್ಲ.

ಮೂವತ್ತೊಂದು ವರ್ಷ ಬೇರೆಯವರ ಚೀಟಿಗಳನ್ನು ಓದಿ ನಕ್ಕವರಿಗೆ ತಮ್ಮ ಚೀಟಿ ಬರೆಯುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು. ಸಂಖ್ಯೆಗಳದ್ದೇನೂ ತೊಂದರೆಯಿಲ್ಲ. ಎಡಗಡೆ ‘ತಪ್ಪು’, ಅದರ ಕೆಳಗೆ ಹದಿನೇಳರಿಂದ ನಲವತ್ತಾರು. ಬಲಗಡೆ ‘ಒಪ್ಪು’, ಅದರ ಕೆಳಗೆ ಇಪ್ಪತ್ತೊಂದರಿಂದ ಅರವತ್ತಾರರವರೆಗೆ, ಕುಂಟುತ್ತಾ ನೆಗೆಯುತ್ತಾ. ಮೂವತ್ತು ಸಾಲು. ಆದರೆ ಮೇಲೆ ಒಂದು ವಾಕ್ಯ ಬೇಕಲ್ಲ, ಅದು ಬರಲೊಲ್ಲದು.

‘ಮುದ್ರಣದೋಷದಿಂದ’ ಎಂದು ಬರೆದರು. ಮುದ್ರಣ ಏನು ಮಾಡಿತು? ಕೊಟ್ಟದ್ದನ್ನು ಅಚ್ಚು ಹಾಕಿತು. ಹೊಡೆದುಹಾಕಿದರು. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದು, ನೆಂಟರ ಮುಂದೆ ತಾವೇ ಇದನ್ನು ಓದಿ ನಕ್ಕದ್ದು ನೆನಪಾಗಿ, ನಾಚಿ ಹೊಡೆದರು. ‘ಕಣ್ತಪ್ಪಿನಿಂದ’ ಎಂದು ಬರೆದಾಗ ಕೈ ತಾನಾಗಿಯೇ ನಿಂತಿತು. ಕಣ್ಣು ಪಾಪ ಏನು ಮಾಡಿತು? ಹದಿನೇಳು ಇಲ್ಲವೆಂದು ಕಣ್ಣು ಸರಿಯಾಗಿಯೇ ಕಂಡಿತ್ತು.

ಒಪ್ಪು ಎಂದರೆ ಸರಿಯಾದದ್ದು. ಒಪ್ಪು ಎಂದರೆ ಒಪ್ಪಿಕೊಳ್ಳುವುದೂ ಹೌದು. ಎರಡು ನಿಘಂಟುಗಳ ಕರಡು ನೋಡಿದವರಿಗೆ ಎರಡನೆಯ ಅರ್ಥದ ಮೇಲೆ ಈವರೆಗೆ ಕಣ್ಣು ನಿಂತಿರಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿ ಬರೆದರು: ‘ಕರಡು ತಿದ್ದಿದವನು, ಬರೆದವಳನ್ನು ಕೇಳದೆ ತಿದ್ದಿದ್ದರಿಂದ, ಪುಟ ೪೨ರ ಪಟ್ಟಿಯಲ್ಲಿ ಈ ತಪ್ಪುಗಳಾಗಿವೆ. ತಿದ್ದಿಕೋ.’ ಕೆಳಗೆ ತಮ್ಮ ಸಹಿ ಹಾಕಿದರು.

ಮಧ್ಯಾಹ್ನ ಪುಟ್ಟಿ ಬಂದಳು. ಮೇಷ್ಟ್ರೇ ಕರೆಸಿದ್ದರು. ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತಳು.

“ಈ ಸಲ ನೀನು ನೋಡದೆ ಹೋಗಲ್ಲ,” ಎಂದು ಅವರು ಚೀಟಿ ಚಾಚಿದರು. ಕಿಟಕಿಯ ಆಚೆ ನೋಡುತ್ತಾ ಕೇಳಿದರು, ಬೈಯುವ ದನಿಯಲ್ಲೇ: “ಇನ್ನೊಂದು. ಆ ಐವತ್ತಮೂರರಲ್ಲಿ ಫೋನ್ ಎತ್ತಿದ್ದು ಯಾರು? ಬರೆದವಳಿಗಾದರೂ ಗೊತ್ತಿರಬೇಕಲ್ಲ!”

“ನನಗೆ ಗೊತ್ತಿಲ್ಲ ದೊಡ್ಡಪ್ಪ. ಆಡುವವರನ್ನ ಕೇಳಬೇಕು.” ಪುಟ್ಟಿ ಚೀಟಿಯ ಮೇಲಿನ ವಾಕ್ಯ ಓದಿದಳು, ಕೊನೆಯ ಪದದ ಹತ್ತಿರ ಸ್ವಲ್ಪ ತಡೆದಳು. ಆಮೇಲೆ ಒಂದೊಂದೇ ಸಂಖ್ಯೆ ಬೆರಳಿಟ್ಟು ಮೂವತ್ತೂ ಸಾಲು ಪರೀಕ್ಷಿಸಿದಳು. ಮೇಷ್ಟ್ರ ಕೆಂಪು ಪೆನ್ನು ತೆಗೆದುಕೊಂಡು ಮೂಲೆಯಲ್ಲಿ ‘ಅಚ್ಚಿಗೆ ಹೋಗಲಿ’ ಎಂದು ಬರೆದಳು. “ಯಾರು ಎತ್ತಿದರು ಅಂತ ತಿಳೀಬೇಕಾದ್ರೆ ಶನಿವಾರ ಬನ್ನಿ. ದಾಖಲೆಗಾರರ ಜಾಗ ಖಾಲಿ ಇದೆ.”

ಚೀಟಿ ಚಿಕ್ಕದು; ಮೂಲೆಯ ಸಣ್ಣ ಯಂತ್ರ ಸಾಕು. ಸಂಜೆಯ ಹೊತ್ತಿಗೆ ಅಕ್ಷರ ಜೋಡಿಸುವಾಕೆ ಕರಡು ತಂದಿಟ್ಟಳು. ಪುಟ್ಟಿ ಇನ್ನೂ ಅಲ್ಲೇ ಇದ್ದಳು, ಗಿಡ್ಡ ಕಾಲಿನ ಮೇಜನ್ನು ತಲೆಕೆಳಗು ಮಾಡಿ ಸ್ಪ್ಯಾನರಿನಿಂದ ಏನನ್ನೋ ಬಿಗಿಯುತ್ತಾ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಸಂಖ್ಯೆಗಳು ಸರಿ. ಅಲ್ಪವಿರಾಮ ಸರಿ. ಕೊನೆಯ ಪದಕ್ಕೆ ಬಂದರು.

‘ತಿದ್ದಿಕೊಳ್ಳಿ.’

“ಇದೇನಿದು?” ಎಂದು ಮೇಷ್ಟ್ರು ಎದ್ದು ನಿಂತರು.

“‘ತಿದ್ದಿಕೋ’ ಅಂತಿತ್ತು ಸರ್,” ಎಂದಳಾಕೆ, ಮೆಚ್ಚುಗೆಯ ನಿರೀಕ್ಷೆಯಲ್ಲಿ. “ಓದುಗರಿಗೆ ಏಕವಚನ ಚೆನ್ನಾಗಿರಲ್ಲ ಅಂತ ನಾನೇ ಸರಿ ಮಾಡಿದೆ.”

“ಯಾರನ್ನ ಕೇಳಿ ತಿದ್ದಿದೆ?” ಎಂದು ಮೇಷ್ಟ್ರು ಮಾಳಿಗೆ ನಡುಗುವ ಹಾಗೆ ಕೂಗಿದರು. “ಇಡೀ ಪುಸ್ತಕ ‘ನೀನು’ ಅಂತಿದೆ, ಚೀಟಿ ಮಾತ್ರ ‘ನೀವು’ ಅನ್ನುತ್ತಾ? ಒಂದು ಮಾತು ಕೇಳಬೇಕು ಅಂತ ಗೊತ್ತಾಗಲ್ವಾ? ಕೇಳದೆ ಕೈ ಹಾಕೋದು ಎಂಥ ಬುದ್ಧಿ, ಹಾಂ? ಎಂಥ ಬುದ್ಧಿ ಇದು!”

ಅಷ್ಟು ಹೇಳಿ ನಿಂತರು. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಿರಬೇಕು. ಮೇಜಿನ ಕೆಳಗಿನಿಂದ ಪುಟ್ಟಿಯ ನಗು ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ ಬಂತು. ಅಕ್ಷರ ಜೋಡಿಸುವಾಕೆ ಬಾಯಿಗೆ ಸೆರಗು ಹಿಡಿದು ‘ಕೊಳ್ಳಿ’ ಅಳಿಸಿ ‘ಕೋ’ ಮಾಡಿದಳು.

ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಕೂತರು. ಮೊದಲ ಚೀಟಿ ಯಂತ್ರದಿಂದ ಬಂದಾಗ ಶಾಯಿ ಆರುವವರೆಗೂ ಕಾದರು. ಆಮೇಲೆ ಅದನ್ನು ಅಂಚು ಮಡಚದ ಹಾಗೆ ಜೇಬಿನಲ್ಲಿಟ್ಟುಕೊಂಡು, ಡಬ್ಬಿಗೆ ಹಾಕಲೆಂದು ಮನೆಗೆ ಒಯ್ದರು.